ರಸೂಲ್ ಸಾಬರಿಗೆ ಕೈಯಿಂದ ಹೇಳಿದ ಸುಳ್ಳು

ಭದ್ರಾವತಿಯ ಹಳೇನಗರದಲ್ಲಿ ಕುಲುಮೆ ಇಟ್ಟುಕೊಂಡಿರುವ ರಸೂಲ್ ಸಾಬರಿಗೆ ಎರಡು ಕಿವಿಯೂ ಅಷ್ಟಕ್ಕಷ್ಟೆ. ನನಗೆ ಎರಡು ಕಿವಿಯೂ ಬೇಕಾದ್ದಕ್ಕಿಂತ ಹೆಚ್ಚು ಕೇಳಿಸುತ್ತವೆ. ಯಾರು ಏನು ಹೇಳಿದರೂ ಕೂತು ಕೇಳುತ್ತೇನೆ, ಕೇಳಿದ್ದನ್ನು ನಂಬುತ್ತೇನೆ, ನಂಬಿದ್ದನ್ನು ಮಾಡಿ ಕೆಡುತ್ತೇನೆ. ಒಂದು ಕತ್ತಿ ಆರಿಸಲು ಹೋಗಿ ನಾನು ಎಷ್ಟು ಪೆದ್ದಿಯಾದೆ ಎಂದು ಹೇಳದೆ ಸಾಬರ ವಿಷಯ ಹೇಳಲು ಬರುವುದಿಲ್ಲ. ಹಾಗಾಗಿ ಎರಡನ್ನೂ ಹೇಳುತ್ತೇನೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ, ಸೋಗಾನೆಯ ವಿಮಾನ ನಿಲ್ದಾಣದ ಕಡೆ ತಿರುಗುವುದಕ್ಕೆ ಸ್ವಲ್ಪ ಹಿಂದೆ, ಒಂದು ಹೊಂಗೆ ಮರ ಇದೆ. ಅದರ ನೆರಳಲ್ಲಿ ನಾನು ಎಳನೀರು ಮಾರುತ್ತೇನೆ. ಮಗ ಜಯಕುಮಾರ ಬೆಳಿಗ್ಗೆ ವಿದ್ಯಾನಗರದ ಮನೆಯಿಂದ ತನ್ನ ಗೂಡ್ಸ್ ಆಟೋದಲ್ಲಿ ಕಾಯಿಯನ್ನೂ ನನ್ನನ್ನೂ ತಂದು ಇಳಿಸುತ್ತಾನೆ. ಮೊದಲು ಕಾಯಿ, ಆಮೇಲೆ ನಾನು. ಬಿದ್ದರೆ ಒಡೆಯುವುದು ಯಾವುದು ಎಂದು ಅವನಿಗೆ ಚೆನ್ನಾಗಿ ಗೊತ್ತು.

ಸಂಕ್ರಾಂತಿ ಮುಗಿದ ವಾರ ಹಳೇ ಕತ್ತಿ ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ನಾಲ್ಕು ಹೊಲಿಗೆ. ಅದಕ್ಕೂ ಮೊದಲಿನಿಂದ ಬಲಗೈ ಮಣಿಕಟ್ಟು ಸಾಯಂಕಾಲವಾದರೆ ಊದಿಕೊಳ್ಳುತ್ತಿತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಆಸ್ಪತ್ರೆಯಿಂದ ಬರುತ್ತಾ ಜಯಕುಮಾರ ಹೇಳಿದ:

"ಅಮ್ಮಾ, ಶಿವರಾತ್ರಿ ತನಕ ನೋಡ್ತೀನಿ. ಕೈ ಹಿಡಿತಕ್ಕೆ ಬಂದಿಲ್ಲ ಅಂದ್ರೆ ಅಂಗಡಿ ಬಂದ್. ಜಾಗ ಕಲ್ಲಪ್ಪಂಗೆ ಬಿಟ್ಕೊಡು. ಅವ್ನಿಗೂ ಹೇಳಿದೀನಿ."

ಕಲ್ಲಪ್ಪ ಇನ್ನೂರು ಹೆಜ್ಜೆ ಮುಂದೆ ತಳ್ಳುಗಾಡಿಯಲ್ಲಿ ಎಳನೀರು ಮಾರುವವನು. ಅವನಿಗೆ ನೆರಳಿಲ್ಲ. ಎರಡು ವರ್ಷದಿಂದ ನನ್ನ ಮರವನ್ನು ನೋಡಿಕೊಂಡೇ ಬಿಸಿಲು ಕಾಯುತ್ತಿದ್ದ.

ಮರದ ಕೆಳಗೆ ಕೂತರೆ ದಿನಕ್ಕೆ ಐವತ್ತು ಜನ ನನ್ನನ್ನು ಮಾತಾಡಿಸುತ್ತಾರೆ. ಮನೆಯಲ್ಲಿ ಕೂತರೆ ಮಾತಾಡುವುದು ಟಿ.ವಿ. ಒಂದೇ, ಅದಕ್ಕೆ ನಾನು ಏನು ಹೇಳಿದರೂ ಬೇಕಾಗಿಲ್ಲ. ಅಂಗಡಿ ಹೋದರೆ ನಾನೂ ಹೋದ ಹಾಗೇ ಎಂದು ಲೆಕ್ಕ ಹಾಕಿ, ಒಳ್ಳೆಯ ಕತ್ತಿ ಒಂದು ಸಿಕ್ಕಿದರೆ ಎಲ್ಲಾ ಸರಿಹೋಗುತ್ತದೆ ಎಂದು ತೀರ್ಮಾನ ಮಾಡಿದೆ. ಎಂಥಾ ಕತ್ತಿ ಎಂದು ಬಂದವರನ್ನೆಲ್ಲಾ ಕೇಳಲು ಶುರು ಮಾಡಿದೆ. ಅಲ್ಲೇ ತಪ್ಪಿದ್ದು.

ಮರಳು ಲಾರಿಯ ಡ್ರೈವರ್, "ತೂಕ ಇರ್ಬೇಕು ಅಜ್ಜಿ, ಕತ್ತಿನೇ ಕೆಲ್ಸ ಮಾಡುತ್ತೆ, ನೀವು ಸುಮ್ನೆ ಎತ್ತಿ ಬಿಟ್ರಾಯ್ತು" ಎಂದ. ಬ್ಯಾಂಕಿನವರು ಒಬ್ಬರು ತುಕ್ಕು ಹಿಡಿಯದ ಸ್ಟೀಲೇ ಒಳ್ಳೆಯದು ಎಂದರು. ಎಳನೀರು ಕುಡಿಯದೆ ಬರೀ ನೆರಳಿಗೆ ನಿಂತಿದ್ದ ಒಬ್ಬ ಎರಡೂ ಕಡೆ ಬಾಯಿ ಇರುವುದನ್ನೇ ತಗೊಳ್ಳಿ ಎಂದು ಹೇಳಿ ಬಸ್ಸು ಹತ್ತಿದ. ಎಲ್ಲರಿಗೂ ಹೌದು ಹೌದು ಎಂದೆ. ಮನೆಗೆ ಬಂದರೆ ಸೊಸೆ ತನುಜಾ ಫೋನಿನಲ್ಲಿ ಒಂದು ಕತ್ತಿ ಹುಡುಕಿ ಇಟ್ಟಿದ್ದಳು.

"ಅತ್ತೆ, ಇದು ಕಾಡಲ್ಲಿ ಟೆಂಟ್ ಹಾಕೋರು ಇಟ್ಕೊಳ್ಳೋದಂತೆ. ಮಡಚೋ ಚಾಕು ಅಲ್ಲ, ಗಟ್ಟಿ. ಬೆನ್ನ ಮೇಲೆ ಗರಗಸ ಇದೆ. ಹಿಡೀಲಿ ದಿಕ್ಸೂಚಿನೂ ಇದೆ ನೋಡಿ."

"ದಿಕ್ಸೂಚಿ ಯಾಕೆ?"

"ಕಾಡಲ್ಲಿ ದಾರಿ ತಪ್ಪಿದ್ರೆ."

"ನಾನು ಮರದ ಬುಡ ಬಿಟ್ಟು ಏಳೋದೇ ಇಲ್ವಲ್ಲೇ ಮಾರಾಯ್ತಿ!"

ಹೀಗೆ ಹೇಳಿದೆನೇ ಹೊರತು ಬೇಡ ಎನ್ನಲಿಲ್ಲ. ತನುಜಾ ಅದನ್ನು ತರಿಸಿಯೇ ಬಿಟ್ಟಳು. ಕಪ್ಪಗೆ ಮಿಂಚುತ್ತಿತ್ತು, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಚರ್ಮದ ಒರೆ ಬೇರೆ. ಸೀರೆಯ ಮೇಲೆ ಅದನ್ನು ಕಟ್ಟಿಕೊಂಡು ಕನ್ನಡಿ ನೋಡಿದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಮೊದಲ ದಿನ ಗರಗಸದ ಹಲ್ಲು ಕಾಯಿಯ ನಾರಿಗೆ ಸಿಕ್ಕಿಕೊಂಡು ಎಳೆದಾಡಿದೆ. ಮೂರನೇ ದಿನ ಕತ್ತಿ ಕಾಯಿಯಲ್ಲಿ ಉಳಿಯಿತು, ಹಿಡಿ ನನ್ನ ಕೈಯಲ್ಲಿ ಉಳಿಯಿತು. ಎದುರಿಗೆ ನಿಂತಿದ್ದ ಕಾಲೇಜು ಹುಡುಗ ಬಗ್ಗಿ ನೋಡಿ ಕೇಳಿದ: "ಅಜ್ಜಿ, ಎಳನೀರು ಈಗ ಯಾವ ದಿಕ್ಕಿಗಿದೆಯಂತೆ?"

ಕಲ್ಲಪ್ಪ ಅಲ್ಲಿಂದಲೇ ನೋಡಿ ನಕ್ಕು, ಆಮೇಲೆ ನಡೆದುಕೊಂಡು ಬಂದ. ಮುರಿದ ಹಿಡಿಯನ್ನು ತಿರುಗಿಸಿ ನೋಡಿದ.

"ನೋಡು ಬಂಗಾರಕ್ಕ, ಅಲಗಿನ ಬಾಲ ಹಿಡಿ ಒಳಗೆ ಎರಡೇ ಬೆರಳು ಹೋಗಿದೆ. ಕೊನೆ ತನಕ ಹೋಗಿರ್ಬೇಕು. ನೀನು ಭದ್ರಾವತಿ ರಸೂಲ್ ಸಾಬ್ರ ಹತ್ರ ಹೋಗು. ಅವ್ರು ಕೈ ನೋಡಿ ಕತ್ತಿ ಮಾಡ್ತಾರೆ."

"ನನ್ ಕೈ ಸರಿಹೋದ್ರೆ ನಿಂಗೆ ಜಾಗ ಸಿಗಲ್ಲವಲ್ಲೋ?"

"ಜಾಗ ಬೇಕು ಮಾರಾಯ್ತಿ. ನಿನ್ ಬೆರಳು ಬೇಡ."

ಮಾರನೇ ದಿನ ಬಸ್ಸು ಹತ್ತಿದೆ. ಹಳೇನಗರದ ಗಲ್ಲಿಯ ಕೊನೆಯಲ್ಲಿ ತಗಡಿನ ಮಾಡು, ಒಳಗೆ ಕೆಂಡ, ಪಕ್ಕದಲ್ಲಿ ಸಾಣೆ ಯಂತ್ರ. ಸಾಬರಿಗೆ ಎಪ್ಪತ್ತರ ಮೇಲಿರಬೇಕು. ಬಿಳಿ ಗಡ್ಡದ ತುದಿ ಕಿಡಿ ಹಾರಿ ಕಂದಾಗಿತ್ತು. ಸಾಣೆಗೆ ಕೂತಿದ್ದವಳು ಅವರ ಮಗಳು ಮಾಹಿರಾ, ನಲವತ್ತರ ಆಸುಪಾಸಿನವಳು. ಹೊಳಲೂರು ಕಡೆಯ ನಾಲ್ಕು ಜನ ರೈತರು ಕುಡುಗೋಲಿನ ಬಾಯಿ ತಟ್ಟಿಸಿಕೊಳ್ಳಲು ಬಂದು ಕಟ್ಟೆಯ ಮೇಲೆ ಕೂತಿದ್ದರು.

ನಾನು ಬೆರಳು ಕುಯ್ದುಕೊಂಡದ್ದರಿಂದ ಹಿಡಿದು ಎಲ್ಲಾ ಕಥೆ ವಿವರವಾಗಿ ಹೇಳಿದೆ. ಸಾಬರು ಕುಲುಮೆಯನ್ನೇ ನೋಡುತ್ತಿದ್ದರು.

"ಅಮ್ಮಾ, ಅವ್ರಿಗೆ ಕೇಳ್ಸಲ್ಲ" ಎಂದಳು ಮಾಹಿರಾ. ನಂತರ ಅಪ್ಪನ ಕಿವಿಯ ಹತ್ತಿರ ಕೂಗಿದಳು: "ಅಬ್ಬಾ! ಎಳನೀರಿಗಂತೆ!"

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಗೋಡೆಯಿಂದ ಒಂದು ಕತ್ತಿ ತೆಗೆದು ನನ್ನ ಮುಂದೆ ನೆಲದ ಮೇಲೆ ಇಟ್ಟರು. ಹರಿತವಾದದ್ದನ್ನು ಅವರು ಯಾರಿಗೂ ಕೈಯಿಂದ ಕೈಗೆ ಕೊಡುವುದಿಲ್ಲ. ಮೂಲೆಯಲ್ಲಿದ್ದ ಎಳನೀರು ಕಾಯಿಯೊಂದನ್ನು ಕಾಲಿನಿಂದ ದಿಮ್ಮಿಯ ಕಡೆ ಉರುಳಿಸಿ, "ಹೊಡೀರಿ ಅಕ್ಕ" ಎಂದರು.

ನನಗೆ ಇದ್ದ ಕೆಲಸ ಇಷ್ಟೇ. ದಿನಾ ಹೊಡೆಯುವ ಹಾಗೆ ಹೊಡೆದು ತೋರಿಸುವುದು. ಆದರೆ ಕಟ್ಟೆಯ ಮೇಲಿದ್ದ ಒಬ್ಬ ಪಕ್ಕದವನಿಗೆ ಮೆಲ್ಲಗೆ, "ಅಜ್ಜಿ ಕೈಲಿ ಆಗುತ್ತಾ?" ಎಂದ. ಮೆಲ್ಲಗೆ ಹೇಳಿದ್ದೇ ನನಗೆ ಮೊದಲು ಕೇಳಿಸುವುದು. ಸೆರಗು ಸಿಕ್ಕಿಸಿಕೊಂಡು, ಕತ್ತಿಯನ್ನು ತಲೆಯ ಮೇಲಕ್ಕೆ ಎತ್ತಿ, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೊಡೆಯದ ಹಾಗೆ ಹೊಡೆದೆ. ಕಾಯಿಯ ತಲೆ ಒಂದೇ ಏಟಿಗೆ ಹಾರಿ ಸಾಣೆಯ ಹತ್ತಿರ ಬಿತ್ತು. ಕಟ್ಟೆಯವರು "ಭಲೇ!" ಎಂದರು. ಮಣಿಕಟ್ಟಿನಿಂದ ಭುಜದ ತನಕ ಕೆಂಡ ಹರಿದ ಹಾಗಾಯಿತು. ನಾನು ನಗುತ್ತಾ ನಿಂತೆ.

"ನೋವಿದ್ಯಾ ಅಮ್ಮಾ?" ಎಂದಳು ಮಾಹಿರಾ.

"ನೋವಾ? ಎಂಥ ನೋವು?"

ಸಾಬರು ದಾರ ಹಿಡಿದು ನನ್ನ ಅಂಗೈ ಅಳೆದರು. "ಒಳ್ಳೆ ಕೈ" ಎಂದರು. ಆ ಮಾತನ್ನು ನಾನು ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಎರಡು ಸಲ ಹೇಳಿದೆ. ಅವಳು ಕಾರೇಹಳ್ಳಿಯ ಟಿಕೆಟ್ ತಗೊಂಡಿದ್ದವಳು, ಯಾಕೋ ಎರಡು ಸ್ಟಾಪು ಮೊದಲೇ ಇಳಿದುಹೋದಳು.

ವಾರಕ್ಕೆ ಕತ್ತಿ ಸಿದ್ಧವಾಯಿತು. ಲಾರಿಯ ಕಮಾನು ಪಟ್ಟಿಯನ್ನು ಕಾಯಿಸಿ ತಟ್ಟಿದ್ದು. ಬಾಲ ಹಿಡಿಯ ಕೊನೆ ತನಕ ಹೋಗಿತ್ತು. ಬಾಯಿ ಎಂದರೆ ಬಾಯಿ, ಕೂದಲು ಇಟ್ಟರೆ ಎರಡು. ಆದರೆ ಅದು ಅಂದು ಕುಲುಮೆಯಲ್ಲಿ ತಲೆಯ ಮೇಲೆ ಕತ್ತಿ ಎತ್ತಿದ ಹೆಂಗಸಿಗೆ ಮಾಡಿದ ಉದ್ದನೆಯ, ಭಾರದ ಕತ್ತಿ. ಆ ಹೆಂಗಸು ಇರಲೇ ಇಲ್ಲವಲ್ಲ!

ಮೊದಲ ದಿನ ಇಪ್ಪತ್ತು ಕಾಯಿ ಕೆತ್ತಿದೆ. ಮಾರನೇ ದಿನ ಹತ್ತಕ್ಕೇ ಬೆರಳು ಮಡಚಲು ಬರಲಿಲ್ಲ. ಮೂರನೇ ದಿನ ಮುಲಾಮು ಹಚ್ಚಿಕೊಂಡು, ಹಿಡಿಗೆ ಹಳೇ ಟವೆಲ್ಲಿನ ತುಂಡು ಸುತ್ತಿದೆ. ಮನೆಯಲ್ಲಿ ಜಯಕುಮಾರನಿಗೆ ಕಾಣಬಾರದೆಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಚಳಿ ಎಂದೆ. ಫೆಬ್ರವರಿಯ ಮಧ್ಯಾಹ್ನದಲ್ಲಿ ಚಳಿ! ತನುಜಾ ಫ್ಯಾನು ಆರಿಸಿದಳು, ಎಲ್ಲರೂ ನನ್ನಿಂದಾಗಿ ಬೆವರಿದರು.

ಶಿವರಾತ್ರಿಗೆ ನಾಲ್ಕು ದಿನ ಇತ್ತು. ಸಾಬರ ಹತ್ತಿರ ಹೋಗಿ ನಿಜ ಹೇಳಿದರೆ ಮುಗಿಯುತ್ತಿತ್ತು. ಆದರೆ "ಒಳ್ಳೆ ಕೈ" ಎನ್ನಿಸಿಕೊಂಡು ಬಂದವಳು ಯಾವ ಮುಖ ಹೊತ್ತು ಹೋಗಲಿ ಎಂದು ಒಂದು ದಿನ ಕಳೆದೆ. ಮಾರನೇ ಬೆಳಿಗ್ಗೆ ಕತ್ತಿ ಕೈ ತಪ್ಪಿ ಚಪ್ಪಲಿಯ ಉಂಗುಷ್ಟವನ್ನು ಕತ್ತರಿಸಿತು. ಬೆರಳಿಗೆ ನೂಲಿನಷ್ಟು ದೂರ. ಆಮೇಲೆ ಕಾಯಿಯನ್ನು ಕಲ್ಲಪ್ಪನಿಗೆ ನೋಡಿಕೊಳ್ಳಲು ಹೇಳಿ, ಒಂದು ಕಾಲಿನ ಚಪ್ಪಲಿ ಎಳೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಕುಲುಮೆಯಲ್ಲಿ ಅಪ್ಪ ಮಗಳು ಇಬ್ಬರೇ ಇದ್ದರು. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ: ಈ ಸಲ ಕಾಯಿಯ ನಾರು ಗಟ್ಟಿ, ಬಿಸಿಲು ಹೆಚ್ಚು, ದಿಮ್ಮಿ ಸರಿಯಿಲ್ಲ. ಎಲ್ಲಾ ಹೇಳಿದೆ. ಸಾಬರು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಹಿಡಿಗೆ ಸುತ್ತಿದ್ದ ಟವೆಲ್ ನೋಡಿ ಸುತ್ತಿಗೆ ಕೆಳಗಿಟ್ಟರು. ಅದನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಮುಲಾಮಿನ ವಾಸನೆ ನನಗೇ ಬರುತ್ತಿತ್ತು.

"ಬಾಯಲ್ಲಿ ಸುಳ್ಳು ಹೇಳಿದ್ರೆ ನಂಗೆ ಕೇಳ್ಸಲ್ಲ, ನಷ್ಟ ಇಲ್ಲ. ನೀವು ಕೈಲಿ ಸುಳ್ಳು ಹೇಳಿದ್ರಲ್ಲ ಅಕ್ಕ!"

ನಾನು ಟವೆಲ್ಲಿನ ತುಂಡನ್ನು ಅವರ ಕೈಯಿಂದ ತೆಗೆದುಕೊಂಡು ಮಡಚಿದೆ.

"ಬೈಕೋಬೇಡಿ ಅಮ್ಮಾ" ಎಂದಳು ಮಾಹಿರಾ. "ಹಿಡಿಗೆ ಬಟ್ಟೆ ಕಂಡ್ರೆ ಅವ್ರಿಗೆ ತಡ್ಯೋಕಾಗಲ್ಲ. ಮದ್ವೆ ಆದ ಹೊಸದ್ರಲ್ಲಿ ನಮ್ಮಮ್ಮಂಗೆ ಒಂದು ಚಾಕು ಮಾಡ್ಕೊಟ್ಟಿದ್ರಂತೆ. ಅಮ್ಮ ನೋವು ಅಂತ ಬಾಯೇ ಬಿಡ್ತಿರ್ಲಿಲ್ಲ. ಆರು ತಿಂಗ್ಳು ಆದ್ಮೇಲೆ ಇವ್ರು ಅಡುಗೆಮನೆಗೆ ಹೋಗಿ ನೋಡಿದ್ರೆ ಹಿಡಿಗೆ ಬಟ್ಟೆ, ಅಂಗೈ ತುಂಬಾ ಬೊಬ್ಬೆ. ಅವತ್ತಿಂದ ಮಾತು ಕೇಳೋದಿಲ್ಲ, ಕೈ ನೋಡ್ತೀನಿ ಅಂತಾರೆ."

ಮಗಳ ತುಟಿ ನೋಡಿ ಸಾಬರಿಗೆ ಯಾವ ಕಥೆ ಎಂದು ತಿಳಿಯಿತೇನೋ. ಬೀಡಿ ಹಚ್ಚಿ ನನ್ನ ಎದುರು ಕುಕ್ಕರುಗಾಲಲ್ಲಿ ಕೂತರು.

"ನಾನೂ ಹೇಳಿದೀನಿ ಅಕ್ಕ ಸುಳ್ಳು. ಇಪ್ಪತ್ತೆರಡು ವಯಸ್ಸು. ಇಲ್ಲೇ ಉಕ್ಕಿನ ಕಾರ್ಖಾನೆಗೆ ಆಳು ತಗೋತಿದ್ರು, ನಮ್ ಓಣಿ ಹುಡುಗ್ರೆಲ್ಲಾ ಹೋದ್ರು. ಅಪ್ಪನ ಕುಲುಮೇಲಿ ಸಮ್ಮಟಿಗೆ ಹೊಡ್ದು ಹೊಡ್ದು ನನ್ ಕಿವಿ ಆಗ್ಲೇ ಹೋಗಿತ್ತು. ಕಿವಿ ಪರೀಕ್ಷೆಗೆ ಡಾಕ್ಟ್ರು ಹಿಂದೆ ನಿಂತು ಮೆಲ್ಲಗೆ ಊರ ಹೆಸ್ರು ಹೇಳ್ತಾರೆ, ನೀನು ತಿರುಗಿ ಹೇಳ್ಬೇಕು. ಮುಂಚೆ ಹೋಗಿದ್ದೋನು ನಂಗೆ ಹೇಳ್ಕೊಟ್ಟಿದ್ದ, ಮೊದಲ್ನೇದು ತರೀಕೆರೆ ಅಂತ. ನಾನು ಹೋಗಿ ನಿಂತೆ, ತರೀಕೆರೆ ಅಂದೆ."

"ಸರಿ ಆಯ್ತಾ?"

ಮಾಹಿರಾ ಅವರ ಕಿವಿಯಲ್ಲಿ ನನ್ನ ಪ್ರಶ್ನೆ ಕೂಗಿದಳು. ಸಾಬರು ಹೊಟ್ಟೆ ಹಿಡಿದು ನಕ್ಕರು.

"ಡಾಕ್ಟ್ರು ಇನ್ನೂ ರೂಮಿಗೇ ಬಂದಿರ್ಲಿಲ್ಲ ಅಕ್ಕ! ಕಾಂಪೌಂಡರ್ ಒಬ್ನೇ ನೆಲ ಗುಡಿಸ್ತಿದ್ದ!"

ಮೂವರೂ ನಕ್ಕೆವು. ಅವರ ಜೊತೆಯವರಿಗೆಲ್ಲಾ ಕಾರ್ಖಾನೆಯ ಕೆಲಸ, ಕ್ವಾರ್ಟರ್ಸು ಸಿಕ್ಕಿತು. ಇವರು ಅದೇ ತಗಡಿನ ಕೆಳಗೆ ಐವತ್ತು ವರ್ಷ ಕಳೆದರು. ಅದನ್ನು ಹೇಳುವಾಗಲೂ ಅವರ ಕಣ್ಣು ನನ್ನ ಮಣಿಕಟ್ಟಿನ ಮೇಲೇ ಇತ್ತು.

"ಈಗ ಕಟ್ಟೆ ಮೇಲೆ ಯಾರೂ ಇಲ್ಲ. ನಿಮ್ ಮರದ ಕೆಳಗೆ ಹೊಡ್ಯೋ ಹಾಗೆ ಹೊಡೀರಿ."

ಹೊಡೆದೆ. ಹೊಡೆದೆ ಎನ್ನುವುದು ದೊಡ್ಡ ಮಾತು. ಪೆನ್ಸಿಲ್ಲು ಕೆತ್ತುವ ಹಾಗೆ ಕಾಯಿಯ ಸುತ್ತ ಸಣ್ಣ ಸಣ್ಣದಾಗಿ ಎಂಟು ಏಟು, ನಡುವೆ ಒಮ್ಮೆ ಕೈ ಕೊಡವಿಕೊಂಡದ್ದು ಬೇರೆ. ಸಾಬರು ಅದನ್ನೆಲ್ಲಾ ನೋಡಿ, "ಇದು ನಿಮ್ ಕೈ" ಎಂದರು. ಈ ಸಲ "ಒಳ್ಳೆ" ಎನ್ನಲಿಲ್ಲ.

ಹೊಸ ಕಬ್ಬಿಣ ತೆಗೆದುಕೊಳ್ಳಲಿಲ್ಲ. ಅದೇ ಕತ್ತಿಯ ಹಿಡಿ ಬಿಚ್ಚಿ, ಅಲಗನ್ನು ಕಾಯಿಸಿ, ತುದಿಯಿಂದ ನಾಲ್ಕು ಬೆರಳಿನಷ್ಟು ಕತ್ತರಿಸಿ ಹಾಕಿದರು. ಬೆನ್ನು ತೆಳ್ಳಗೆ ತಟ್ಟಿ ಮತ್ತೆ ನೀರು ಕುಡಿಸಿ ಹದ ಕೊಟ್ಟರು. ಮಾಹಿರಾ ಸಾಣೆ ಹಿಡಿದಳು. ಹೊಸ ಹಿಡಿ ನನ್ನ ಮುಷ್ಟಿಗೆ ಸಣ್ಣದಾಗಿ ಕೂತಿತು, ಕೊನೆಯಲ್ಲಿ ಕಿರುಬೆರಳಿಗೆ ಒಂದು ಕೊಕ್ಕೆ. ಅದರಿಂದ ಬಿಗಿ ಹಿಡಿಯದಿದ್ದರೂ ಕತ್ತಿ ಜಾರುತ್ತಿರಲಿಲ್ಲ. ನೋಡಲು ಏನೂ ಚಂದ ಇರಲಿಲ್ಲ, ಬಾಲ ಮೋಟಾದ ನಾಯಿಯ ಹಾಗಿತ್ತು. ನೆಲದ ಮೇಲೆ ಇಟ್ಟರು, ಎತ್ತಿಕೊಂಡೆ.

ಶಿವರಾತ್ರಿಯ ಬೆಳಿಗ್ಗೆ ಜಯಕುಮಾರ ಕಾಯಿ ಇಳಿಸಿದವನು ಹೋಗಲಿಲ್ಲ. ಕಲ್ಲಪ್ಪನನ್ನೂ ಕರೆದು, "ಹೊಡಿ ನೋಡೋಣ" ಎಂದ.

ನಾನು ಕಾಯಿ ಎತ್ತಿಕೊಂಡು ಸುತ್ತ ಕೆತ್ತಿದೆ. ಕಲ್ಲಪ್ಪ ಬೆರಳು ಮಡಚಿ ಎಣಿಸುತ್ತಿದ್ದ.

"ಎಂಟು!" ಎಂದ. "ಬಂಗಾರಕ್ಕ, ನೀನು ಕಾಯಿ ಹೊಡೀತೀಯೋ, ಅದಕ್ಕೆ ಕ್ಷೌರ ಮಾಡ್ತೀಯೋ?"

ಜಯಕುಮಾರ ನಗಲಿಲ್ಲ. "ಇಷ್ಟು ನಿಧಾನ ಆದ್ರೆ ಹೆಂಗಮ್ಮಾ? ಮುಂಚೆ ಎರಡೇ ಏಟಿಗೆ ಹೊಡೀತಿದ್ದೆ."

ಬಾಯಿಗೆ ಏನೇನೋ ಬಂತು. ಹಬ್ಬದ ದಿನ ಉಪವಾಸ, ಶಕ್ತಿಯಿಲ್ಲ ಎನ್ನಬಹುದಿತ್ತು. ಬೆಳಿಗ್ಗೆ ನಾಲ್ಕು ಬಾಳೆಹಣ್ಣು ತಿಂದದ್ದನ್ನು ಅವನೇ ನೋಡಿದ್ದ. ಇಷ್ಟು ದಿನ ಸೆರಗಿನೊಳಗೆ ಅಡಗಿಸಿದ್ದ ಕೈಯನ್ನು ಅವನ ಮುಂದೆ ಚಾಚಿದೆ.

"ಮುಂಚೆ ಹೊಡ್ದಿದ್ದಕ್ಕೇ ಹಿಂಗಾಗಿದ್ದು ಕಣೋ. ದೀಪಾವಳಿಯಿಂದ ನೋಯ್ತಾ ಇದೆ, ನಿಂಗೆ ಹೇಳ್ಲಿಲ್ಲ. ಇನ್ಮೇಲೆ ನನ್ನಿಂದ ಆಗೋದು ಇಷ್ಟೇ. ಮಧ್ಯಾಹ್ನದ ತನಕ, ಮೂವತ್ತು ಕಾಯಿ. ಅದಕ್ಕಿಂತ ಒಂದು ಕಾಯಿನೂ ಆಗಲ್ಲ."

ಅವನು ಮಣಿಕಟ್ಟನ್ನು ಒತ್ತಿ ನೋಡಿದ. ಊತ ಇಳಿದಿತ್ತು. ಬಹಳ ಹೊತ್ತು ಕೈ ಬಿಡಲಿಲ್ಲ.

"ಊದ್ಕೊಂಡ್ರೆ ಅವತ್ತೇ ಹೇಳ್ಬೇಕು" ಎಂದ. "ಮುಚ್ಚಿಟ್ರೆ ಮಾತ್ರ ಅಂಗಡಿ ಬಂದ್."

"ಹಂಗಾದ್ರೆ ನನ್ ಜಾಗ?" ಎಂದ ಕಲ್ಲಪ್ಪ.

"ಮರದ ಆಚೆ ಮಗ್ಗುಲು ನಾನೇನು ಕೂತಿಲ್ವಲ್ಲ" ಎಂದೆ. "ಗಾಡಿ ತಂದು ನಿಲ್ಸು. ಮಧ್ಯಾಹ್ನದ ಮೇಲೆ ಪೂರ್ತಿ ನಿಂದೇ."

ಎರಡು ವರ್ಷ ಆ ಮಗ್ಗುಲಲ್ಲಿ ನಾನು ಖಾಲಿ ಗೋಣಿಚೀಲ ಹಾಸಿ ಜಾಗ ಹಿಡಿದಿಟ್ಟಿದ್ದೆ. ಅವನೇ ಅದನ್ನು ಮಡಚಿ ನನಗೆ ಕೊಟ್ಟ, ಕೂರಲು ಮೆತ್ತಗಿರುತ್ತದೆ ಎಂದು.

ಒಂಬತ್ತು ಗಂಟೆಗೆ ಕಾರೊಂದು ನಿಂತಿತು. ಒಬ್ಬರು ಇಳಿದು ಗಡಿಯಾರ ನೋಡುತ್ತಾ ಓಡಿ ಬಂದರು. "ಅಜ್ಜಿ, ಬೇಗ ಒಂದು ಕೊಡಿ, ಫ್ಲೈಟ್ ಇದೆ."

"ನಂದು ಎಂಟು ಏಟು ಕಣಪ್ಪ" ಎಂದೆ. "ಅವಸರ ಇದ್ರೆ ಮರದ ಆಚೆ ಹೋಗಿ. ಅವ್ನು ಒಂದೇ ಏಟಿಗೆ ಕೊಡ್ತಾನೆ."

ಅವರು ಆಚೆ ಹೋದರು. ಗಿರಾಕಿಯನ್ನು ಕೈಯಾರೆ ಕಳಿಸಿದ್ದಕ್ಕೆ ಹೊಟ್ಟೆ ಉರಿಯಿತು, ಇಲ್ಲ ಎನ್ನುವುದಿಲ್ಲ. ಹಿಂದೆಯೇ ಒಬ್ಬಳು ಹೆಂಗಸು ಮಗುವನ್ನು ಎತ್ತಿಕೊಂಡು ಬಂದು, "ನಿಧಾನಕ್ಕೇ ಕೊಡಿ, ಬಸ್ಸಿಗೆ ಇನ್ನೂ ಹೊತ್ತಿದೆ" ಎಂದು ಪಕ್ಕದಲ್ಲಿ ಕೂತಳು. ನಾನು ಕಾಯಿ ಎತ್ತಿಕೊಂಡು, ಯಾವೂರಮ್ಮ ನಿಂದು ಎಂದು ಕೇಳಿದೆ.