ಸಂಜೀವ ಕಾಕಾ ಕೇಳಿದ ಎರಡು ನಿಮಿಷ

೨೦೦೭ರ ಮಾತು. ಹೈದರಾಬಾದಿನ ಹೈಟೆಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಕೆಲಸ. ವರ್ಷಕ್ಕೊಮ್ಮೆ ನೌಕರರ ಮನೆಯವರನ್ನೆಲ್ಲ ಕರೆದು ಹಗಲಿಡೀ ಕುಣಿಸಿ, ಉಣಿಸಿ ಕಳಿಸುವ ಕಾರ್ಯಕ್ರಮದ ಹೊಣೆ ಆ ಸಲ ನನ್ನ ಹೆಗಲಿಗೆ ಬಂದಿತ್ತು. "ಡಿಜೆ ಎಲ್ಲಾ ಕಡೆ ಇರ್ತಾನೆ, ಹೊಸದೇನಾದರೂ ಮಾಡು" ಎಂದು ಮ್ಯಾನೇಜರ್ ಹೇಳಿದ್ದೇ ತಡ, ನನಗೆ ಸಂಜೀವ ಕಾಕಾ ನೆನಪಾದರು. ಮುಂದಿನ ಟೀಮ್ ಲೀಡ್ ಯಾರೆಂಬ ಗುಸುಗುಸು ನಡೆದಿದ್ದ ದಿನಗಳವು. ಮ್ಯಾನೇಜರ್ ಕಣ್ಣಿಗೆ ಬೀಳುವ ಆಸೆ ನನಗೂ ಇತ್ತು.

ಕಾಕಾ ಮಲ್ಕಾಜ್‌ಗಿರಿಯಲ್ಲಿ ನನ್ನ ತವರಿನ ಪಕ್ಕದ ಮನೆಯವರು. ಅಪ್ಪನ ಜೊತೆ ರೈಲ್ವೆಯಲ್ಲಿದ್ದರು. ಅವರದು ಉಡುಪಿ ಕಡೆಯ ದೇವಸ್ಥಾನಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವ ಮನೆತನ. ನನ್ನ ಮದುವೆಯಲ್ಲಿ ತಾಳಿ ಕಟ್ಟುವಾಗ ನುಡಿಸಿದವರೂ ಅವರೇ.

"ಡಿಜೆ ಒಟ್ಟಿಗೆ ನಾನು ಎಂತ ನುಡಿಸುದು ಮಾರಾಯ್ತಿ?" ಎಂದು ನಕ್ಕರು. ನಾನು ಬಿಡಲಿಲ್ಲ. ಕೊನೆಗೆ ಒಂದೇ ಷರತ್ತು ಹಾಕಿದರು. "ಮಂಗಳ ನುಡಿಸದೆ ನಾನು ವೇದಿಕೆ ಇಳಿಯುದಿಲ್ಲ. ಅಪ್ಪನ ಕಾಲದಿಂದ ಬಂದ ಕ್ರಮ. ಎರಡು ನಿಮಿಷ ಸಾಕು."

"ನೀವು ಮುಗಿಸೂತನಕ ಯಾರೂ ನಡುವ ಬರಂಗಿಲ್ರಿ ಕಾಕಾ. ಅದು ನನ್ನ ಜವಾಬ್ದಾರಿ" ಎಂದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ!

ಅಂದು ಕಾಕಾ ಬಿಳಿ ಪಂಚೆ ಉಟ್ಟು ಬಂದರು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿದಾಗ ಹುಡುಗರು ಕಿಸಕ್ಕನೆ ನಕ್ಕರು. ಡಿಜೆ ತಾಳ ಕೊಟ್ಟ. ಕಾಕಾ ಕಣ್ಣು ಮುಚ್ಚಿ ಒಂದೆರಡು ಸುತ್ತು ಕೇಳಿ, ಮೋಹನ ರಾಗ ಹಿಡಿದರು ನೋಡಿ! ನಕ್ಕವರೇ ಮೊದಲು ಎದ್ದು ಕುಣಿದರು. ಡಿಜೆ ಎರಡೂ ಕೈ ಎತ್ತಿ ಅವರಿಗೆ ಸಲಾಂ ಹೊಡೆದ. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ನಾನು ಹಿಗ್ಗಿ ಹೀರೇಕಾಯಿ ಆದೆ.

ಅರ್ಧ ಗಂಟೆಯ ನಂತರ ಕಾಕಾ ಡಿಜೆಗೆ ನಿಲ್ಲಿಸುವಂತೆ ಸನ್ನೆ ಮಾಡಿ, ನಿಧಾನಕ್ಕೆ ಮಂಗಳ ಶುರುಮಾಡಿದರು. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ಕೂತರು. ಹಿಂದಿನಿಂದ ಯಾರೋ ಸೀಟಿ ಹೊಡೆದರು. "ಅರೇ ಸುಧಾ, ಸಬ್ ಬೈಠ್ ಗಯೇ! ಬೀಟ್ ಚಾಲೂ ಕರಾವ್" ಎಂದು ಮ್ಯಾನೇಜರ್ ಸಿಡುಕಿದರು. ಎಲ್ಲರೂ ಕೂತುಬಿಟ್ಟರು, ಡಿಜೆ ತಾಳ ಮತ್ತೆ ಶುರುವಾಗಬೇಕಂತೆ. ಎರಡು ನಿಮಿಷ ತಡೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಡಿಜೆಗೆ ಕೈಸನ್ನೆ ಮಾಡಿದವಳು ನಾನೇ.

ಸ್ಪೀಕರುಗಳು ಧಡಧಡ ಎಂದವು. ಕಾಕಾ ಕಣ್ಣು ತೆರೆದು ನೋಡಿದ್ದು ಡಿಜೆಯನ್ನಲ್ಲ, ನನ್ನನ್ನು. ಆದರೂ ನಿಲ್ಲಿಸಲಿಲ್ಲ. ಬೆರಳು ಆಡುತ್ತಿದ್ದವು, ಕೆನ್ನೆ ಉಬ್ಬುತ್ತಿತ್ತು, ಒಂದು ಸ್ವರವೂ ಕೇಳುತ್ತಿರಲಿಲ್ಲ. ಮುಗಿಸಿ, ಕುಣಿಯುವ ಜನಕ್ಕೆ ಕೈಮುಗಿದು ಇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೂ ತಟ್ಟಲಿಲ್ಲ. ಮನೆಗೆ ಬಿಡಲು ಹೋದಾಗ ದಾರಿಯುದ್ದಕ್ಕೂ ಅವರು ಅಪ್ಪನ ಸಕ್ಕರೆ ಕಾಯಿಲೆ ವಿಚಾರಿಸಿದರು, ಅಷ್ಟೇ.

ನಾನು ಟೀಮ್ ಲೀಡ್ ಆದೆ. ಮರುವರ್ಷ ತವರಿನಲ್ಲಿ ನನ್ನ ಮಗಳ ತೊಟ್ಟಿಲು ಕಾರ್ಯಕ್ರಮ. ನುಡಿಸಲು ಕರೆಯಲು ಹೋದ ಅಪ್ಪನಿಗೆ ಕಾಕಾ, "ಈಗ ಉಸಿರು ಸಾಲುದಿಲ್ಲ ರಾಯರೇ" ಎಂದರಂತೆ. ಬಂದರು, ಮಗುವಿಗೆ ಬೆಳ್ಳಿ ಗೆಜ್ಜೆ ಕೊಟ್ಟರು, ಉಂಡು ಹೋದರು.

ಮರುದಿನ ಬೆಳಿಗ್ಗೆ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಪಕ್ಕದ ಮನೆಯಿಂದ ಸ್ಯಾಕ್ಸೋಫೋನ್ ಕೇಳಿತು. ಉಸಿರಿಗೆ ಏನೂ ಆಗಿರಲಿಲ್ಲ. ಮುಕ್ಕಾಲು ಗಂಟೆ ನುಡಿಸಿ, ಮಂಗಳ ನುಡಿಸಿಯೇ ನಿಲ್ಲಿಸಿದರು. ನಡುವೆ ಇದ್ದದ್ದು ಒಂದೇ ಗೋಡೆ. ಹೋಗಿ "ತಪ್ಪಾತ್ರಿ ಕಾಕಾ" ಅನ್ನಬಹುದಿತ್ತು. ಬಾಣಂತಿ ಹೊಸ್ತಿಲು ದಾಟಬಾರದೆಂದು ನನಗೆ ನಾನೇ ನೆಪ ಹೇಳಿಕೊಂಡೆ. ಅವರು ನಿವೃತ್ತರಾಗಿ ಊರಿಗೆ ಹೋದರು, ಅಲ್ಲೇ ತೀರಿಕೊಂಡರು.

ಈಗ ಮದುವೆಗಳಲ್ಲಿ ಡಿಜೆ ಜೊತೆ ಸ್ಯಾಕ್ಸೋಫೋನ್ ಮಾಮೂಲು. ನುಡಿಸುವವರು ವಾದ್ಯ ಕೆಳಗಿಡುವವರೆಗೂ ನಾನು ಊಟಕ್ಕೆ ಏಳುವುದಿಲ್ಲ. ಮಗಳು ರೇಗುತ್ತಾಳೆ. "ಎರಡು ನಿಮಿಷ ತಡಿ" ಎನ್ನುತ್ತೇನೆ. ಅಂದು ಮ್ಯಾನೇಜರಿಗೆ ಹೇಳಬೇಕಿದ್ದ ಮಾತು ಅದು.