ಪದ್ಮಮ್ಮ ಬೇಡವೆಂದ ಕೈ

ಮುನ್ಸೂಚನೆ, ಒಳಮನಸ್ಸು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಜ್ವರ ಏಕೆ ಬಂತು ಎಂದರೆ ಚಾರ್ಟ್ ನೋಡಬೇಕು, ಲ್ಯಾಬ್ ವರದಿ ನೋಡಬೇಕು, ಮಿಕ್ಕದ್ದೆಲ್ಲ ಹರಟೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ದೆಹಲಿ ಪಕ್ಕದ ಫರೀದಾಬಾದಿನ ಒಂದು ಖಾಸಗಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನಾನು ಹಿರಿಯ ಸಿಸ್ಟರ್. ನಿವೃತ್ತಿಗೆ ಎರಡು ವರ್ಷವಿತ್ತು. ಏಳಕ್ಕೆ ಹಾಜರಿ, ಒಂಬತ್ತಕ್ಕೆ ಹಳೆಯ ಡ್ರಿಪ್ ಸೂಜಿ ತೆಗೆದು ಹೊಸದು ಹಾಕುವುದು. ಸೋಂಕಿನ ರಿಜಿಸ್ಟರ್ ಕೂಡ ನನ್ನದೇ. ಆಸ್ಪತ್ರೆ ಸೇರಿದ ಎರಡು ದಿನದೊಳಗೆ ಸೋಂಕು ಕಂಡರೆ ರೋಗಿ ಹೊರಗಿನಿಂದ ತಂದದ್ದು, ಆಮೇಲೆ ಕಂಡರೆ ನಾವು ಕೊಟ್ಟದ್ದು ಎಂಬುದು ನಿಯಮ. ನಾವು ಕೊಟ್ಟದ್ದರ ಪುಟ ನನ್ನ ವಾರ್ಡಿನಲ್ಲಿ ಹೆಚ್ಚಾಗಿ ಖಾಲಿ. ಅದು ನನ್ನ ಹೆಮ್ಮೆ.

ಒಂದನೆಯ ಹಾಸಿಗೆಯಲ್ಲಿ ಪದ್ಮಮ್ಮ, ಕೇಂದ್ರ ಸರ್ಕಾರದ ಗುಮಾಸ್ತರೊಬ್ಬರ ಹೆಂಡತಿ. ಮಂಡಿಯ ಆಪರೇಷನ್ ಆಗಿತ್ತು. ಕನ್ನಡದ ಸಿಸ್ಟರ್ ಸಿಕ್ಕಳೆಂದು ಖುಷಿಯೋ ಖುಷಿ. "ಬೇರೆಯವರು ಚುಚ್ಚಿದ್ರೆ ನೋಯತ್ತೆ, ನೀನೇ ಬಾ" ಎನ್ನುತ್ತಿದ್ದರು.

ನಾಲ್ಕನೆಯ ದಿನ, ಮಂಗಳವಾರ, ಟ್ರೇ ಹಿಡಿದು ಬಾಗಿಲಿಗೆ ಬಂದೆ. ಪದ್ಮಮ್ಮ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

"ಇವತ್ತು ನೀನು ಬೇಡ."

"ಯಾಕಮ್ಮಾ, ಮೊನ್ನೆ ನೋವಾಯ್ತಾ?"

"ನೋವೇನಿಲ್ಲ. ನಿನ್ನ ಕೈ ಬೇಡ, ಅಷ್ಟೆ. ಆ ಚಿಕ್ಕ ನರ್ಸ್ ಹುಡುಗೀನ ಕಳಿಸು."

ಪಕ್ಕದಲ್ಲಿ ಕೂತಿದ್ದ ಅವರ ಮಗಳಿಗೆ ನಾಚಿಕೆಯಾಯಿತು. "ಅಮ್ಮಾ, ಡ್ರಾಮಾ ಮತ್ ಕರೋ! ಸಿಸ್ಟರ್ ನಮ್ಮೋರೇ ಅಲ್ವಾ? ಆಪ್ ಲಗಾ ದೀಜಿಯೇ ಸಿಸ್ಟರ್, ನೀವು ಸೂಜಿ ಹಾಕಿ, ನಾನು ಹಿಡ್ಕೋತೀನಿ" ಎಂದು ತಾಯಿಯ ಮೊಣಕೈ ಹಿಡಿದಳು.

ಅವರೆದುರೇ ಇನ್ನೊಮ್ಮೆ ಕೈ ತೊಳೆದೆ. ಪದ್ಮಮ್ಮ ಆಗಲೂ ಬೇಡವೆಂದೇ ತಲೆಯಾಡಿಸಿದರು. ಅರಿವಿರುವ ರೋಗಿ ಬೇಡವೆಂದರೆ ಬೇಡ; ಕಾರಣ ಹೇಳಬೇಕಾದ್ದಿಲ್ಲ. ಕಿರಿಯರಿಗೆ ನಾನೇ ಕಲಿಸಿದ ಪಾಠ. ಮಗಳ ಕೈ ಬಿಡಿಸಿದೆ, ನಿರಾಕರಣೆಯನ್ನು ಚಾರ್ಟಿನಲ್ಲಿ ಬರೆದೆ, ಕಿರಿಯ ನರ್ಸಿಗೆ ಒಪ್ಪಿಸಿದೆ. ಅವಮಾನದಿಂದ ಮುಖ ಉರಿಯುತ್ತಿತ್ತು. ಮುಂದಿನ ನಾಲ್ಕು ಹಾಸಿಗೆಯವರಿಗೆ ನಾನೇ ಸೂಜಿ ಹಾಕಿದೆ. ಮರುದಿನದಿಂದ ಎರಡು ದಿನ ರಜೆಯಿತ್ತು.

ಶುಕ್ರವಾರ ಬಂದಾಗ ಆ ನಾಲ್ವರಿಗೂ ಚಳಿಜ್ವರ. ಎರಡು ದಿನದ ಮೇಲೆ ಲ್ಯಾಬ್ ವರದಿ ಬಂತು: ನಾಲ್ವರ ರಕ್ತದಲ್ಲೂ ಒಂದೇ ಕ್ರಿಮಿ. ಪದ್ಮಮ್ಮನಿಗೆ ಏನೂ ಇಲ್ಲ. ಆಗಲೇ ಮನೆಗೆ ಹೋಗಿದ್ದರು. ಸಿಬ್ಬಂದಿಯೆಲ್ಲರ ಕೈ ಪರೀಕ್ಷೆಯಾಯಿತು. ಅದೇ ಕ್ರಿಮಿ ನನ್ನ ಬಲಗೈ ತೋರುಬೆರಳ ಉಗುರಂಚಿನಲ್ಲಿ ಸಿಕ್ಕಿತು. ಅಲ್ಲಿ ಕಣ್ಣಿಗೆ ಕಾಣದಂಥ ಒಂದು ಬಿರುಕು. ರಕ್ತನಾಳ ಬೆರಳಿಗೆ ಸಿಗಲೆಂದು ಗ್ಲವ್ಸಿನ ತುದಿ ಹರಿದುಕೊಳ್ಳುವ ಚಾಳಿ ನಮ್ಮಲ್ಲಿ ಹಲವರಿಗಿದೆ. ಕಿರಿಯರಿಗೆ ಕೂಡದು ಎನ್ನುತ್ತಲೇ ನಾನೂ ಹರಿಯುತ್ತಿದ್ದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ದಿನಗಳ ಲೆಕ್ಕ. ಸೋಮವಾರದವರೆಗೆ ನಾನು ಮುಟ್ಟಿದ ಯಾರಿಗೂ ಏನೂ ಆಗಿರಲಿಲ್ಲ. ಮಂಗಳವಾರ ಮುಟ್ಟಿದವರಲ್ಲಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಆ ನಾಲ್ಕು ಹೆಸರುಗಳನ್ನು ರಿಜಿಸ್ಟರಿನಲ್ಲಿ ನಾನೇ ಬರೆದೆ. ಮೂವರು ಚೇತರಿಸಿಕೊಂಡರು. ಐದನೆಯ ಹಾಸಿಗೆಯ ಹಿರಿಯರು ಮನೆಗೆ ಮರಳಲಿಲ್ಲ.

ಹೊಲಿಗೆ ಬಿಚ್ಚಿಸಲು ಪದ್ಮಮ್ಮ ಬಂದಾಗ ಎಲ್ಲ ಹೇಳಿ ಕೇಳಿದೆ. ವಾಸನೆ ಬಂತೇ? ಉಗುರು ಕಂಡಿತೇ? ಕನಸು ಬಿದ್ದಿತ್ತೇ?

ಅವರ ಮುಖ ಬಿಳಿಚಿತು. "ಏನೂ ಇಲ್ಲ ಕಣೇ. ನೀನು ಬಾಗಿಲಲ್ಲಿ ನಿಂತೆ, ಬೇಡ ಅನ್ನಿಸ್ತು, ಬೇಡ ಅಂದೆ. ನಿನ್ನ ಮನಸ್ಸು ನೋಯಿಸಿದೆ ಅಂತ ಅವತ್ತೆಲ್ಲ ನಾನು ಊಟಾನೇ ಮಾಡ್ಲಿಲ್ಲ."

ಬಾಗಿಲಿಂದ ಆ ಹಾಸಿಗೆಗೆ ಹತ್ತು ಹೆಜ್ಜೆ. ಎರಡು ದಿನ ಕಾದು ಲ್ಯಾಬ್ ಹೇಳಿದ್ದನ್ನು ಆಕೆ ಅಷ್ಟು ದೂರದಿಂದ ಹೇಗೆ ಅರಿತರೋ ಇಂದಿಗೂ ನನಗೆ ತಿಳಿಯದು. ಕಾಕತಾಳೀಯವೆಂದು ಡಾಕ್ಟರು ಹೇಳಿದರು. ಇರಬಹುದು. ಐದನೆಯ ಹಾಸಿಗೆಯವರು ಮಾತ್ರ ಅಂದು "ಆಯಿಯೇ ಸಿಸ್ಟರ್‌ಜೀ" ಎಂದು ಬರಮಾಡಿಕೊಳ್ಳುತ್ತ, ನಾನು ಕೇಳುವ ಮೊದಲೇ ತೋಳು ಚಾಚಿದ್ದರು.