ಕುಮ್ಕಿ ಗುಡ್ಡೆಯಲ್ಲಿ ನಾವು ಕಟ್ಟಿದ ಮನೆ

ಕಡಬದಲ್ಲಿ ಬಸ್ಸಿಳಿದು ಜೀಪು ಹತ್ತಿ ಇನ್ನೂ ಅರ್ಧ ಗಂಟೆ ಹೋದ ಮೇಲೆ ಡ್ರೈವರ್, "ಇಳಿಯಿರಿ, ಊರು ಬಂತು" ಎಂದ. ಇಳಿದು ನೋಡುತ್ತೇನೆ, ಊರೇ ಇಲ್ಲ! ಅಗಸಿ ಬಾಗಿಲಿಲ್ಲ, ಓಣಿ ಇಲ್ಲ, ಗೋಡೆಗೆ ಗೋಡೆ ತಾಗಿದ ಮನೆಗಳಿಲ್ಲ. ಎತ್ತ ನೋಡಿದರೂ ರಬ್ಬರ್ ಮರ. "ಊರ್ ಎಲ್ಲೈತ್ರಿ?" ಎಂದು ಕೇಳಿದೆ. "ಇದೇ ಊರು ಮಾರಾಯ್ರೆ, ಇನ್ನೆಂತ ಬೇಕು?" ಎಂದು ನಕ್ಕು ಜೀಪು ತಿರುಗಿಸಿಕೊಂಡು ಹೋದ. ಹನ್ನೊಂದು ವರ್ಷದ ಹಿಂದಿನ ಮಾತಿದು. ಇಲ್ಲಿ ಒಂದೊಂದು ಗುಡ್ಡೆಗೆ ಒಂದೊಂದು ಮನೆ ಇರುತ್ತದೆ, ಅವನ್ನೆಲ್ಲ ಸೇರಿಸಿ ಊರು ಅನ್ನುತ್ತಾರೆ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು.

ರೋಣದ ಸೀಮೆಯ ನಮ್ಮ ಊರಿನವರೇ, ಎಸ್ಸೆಸ್ಸೆಲ್ಸಿ ಓದಿದವಳು ಅಂತ ನೀವು ಆಡಿಕೊಳ್ಳುತ್ತಿದ್ದ ಶಾಂತಾ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆಯವರಿಗೆ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಸಿಕ್ಕಿತು. ಕೋರೆ ಅಂದರೆ ನೆಲದಿಂದ ಕಲ್ಲನ್ನು ಇಟ್ಟಿಗೆಯಂತೆ ಕೊಯ್ದು ತೆಗೆಯುವ ಗಣಿ. ನನಗೆ ಸುಮತಿ ಅಕ್ಕನ ತೋಟದಲ್ಲಿ ರಬ್ಬರ್ ಟ್ಯಾಪಿಂಗ್, ಅಂದರೆ ಮರದ ತೊಗಟೆ ಗೀರಿ ಹಾಲು ಇಳಿಸುವ ಕೆಲಸ. ಅಕ್ಕ ಗಂಡನಿಲ್ಲದ ಹೆಂಗಸು, ಅವಳಿಗೆ ಒಬ್ಬಳೇ ಮಗಳು. ತೋಟವನ್ನು ತಾನೇ ನಿಂತು ನಡೆಸುವ ಗಟ್ಟಿಗಿತ್ತಿ. ಬಂದ ವಾರವೇ ತೋಟದ ಮೇಲಿನ ಗುಡ್ಡೆ ತೋರಿಸಿ, "ಆ ಕೋರೆಯ ಶೆಡ್ಡಲ್ಲಿ ಯಾಕೆ ಸಾಯುದು? ಅಲ್ಲಿ ಒಂದು ಮನೆ ಕಟ್ಟಿಕೊಳ್ಳಿ, ನಾನು ಬೇಡ ಹೇಳುದಿಲ್ಲ" ಅಂದಳು. ನಾನು ಕಾಲಿಗೆ ಬೀಳುವುದೊಂದು ಬಾಕಿ. ನಮ್ಮಲ್ಲಿ ಗೋಡೆ ಒಂದು ಗೇಣು ಸರಿದರೆ ಅಣ್ಣ ತಮ್ಮಂದಿರೇ ಕೋರ್ಟು ಹತ್ತುತ್ತಾರೆ. ಇಲ್ಲಿ ನೋಡಿದರೆ ಗುಡ್ಡೆಯನ್ನೇ ಬಿಟ್ಟುಕೊಡುವ ಜನ! ನಮ್ಮವರು ಕೋರೆಯಲ್ಲಿ ಮೂಲೆ ಒಡೆದ ಕಲ್ಲು ತಂದು ಭಾನುವಾರ ಭಾನುವಾರ ಕಟ್ಟಿದರು. ಎರಡು ಕೋಣೆ, ಮೇಲೆ ಹಂಚು. ನೆಲಕ್ಕೆ ನಾನೇ ಸೆಗಣಿ ಸಾರಿಸಿದೆ.

ಅಕ್ಕ ನನಗೆ ಏನೇನು ಕಲಿಸಲಿಲ್ಲ? ಕುಚ್ಚಲಕ್ಕಿ ಅಂದರೆ ಭತ್ತವನ್ನು ಕುದಿಸಿ ಮಾಡಿದ ದಪ್ಪ ಕೆಂಪಕ್ಕಿ. ಮೊದಲು ಅದು ನನ್ನ ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ. ಗಂಜಿಗೆ ಮಾವಿನ ಉಪ್ಪಿನಕಾಯಿ ಹಾಕಿ ಎದುರು ಕೂತು ಉಣ್ಣಿಸಿದಳು. "ವಣಸ್ ಆಂಡಾ?" ಅಂದರೆ ಊಟ ಆಯಿತೇ ಎಂದು ತುಳುವಿನಲ್ಲಿ ಕೇಳುವುದು. ಅದನ್ನು ನಾನು ಮೊದಲ ಸಲ ಸರಿಯಾಗಿ ಹೇಳಿದ ದಿನ ಅಕ್ಕಪಕ್ಕದವರನ್ನೆಲ್ಲ ಕರೆದು ಹೇಳಿಸಿದಳು. ನಾನು ಜೋಳದ ರೊಟ್ಟಿ ಬಡಿದು ಕೊಟ್ಟರೆ, "ಇದೆಂತ ಮಾರಾಯ್ತಿ, ಚಪ್ಪಲಿಯಾ?" ಅಂತ ನಗುತ್ತಾ ಎರಡು ತಿನ್ನುವಳು. ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಇಟ್ಟವಳು ಅವಳೇ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಅವಳು ಕೆಟ್ಟವಳಾಗಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ರಬ್ಬರ್ ಹಾಲು ಬಟ್ಟಲಿಗೆ ಇಳಿಯುವುದನ್ನು ನೋಡುತ್ತಾ ನಿಂತಿದ್ದೆ. ಅಕ್ಕ ಬಂದಳು. "ನಾಳೆ ಆಫೀಸಿನವರು ಮನೆ ನೋಡ್ಲಿಕ್ಕೆ ಬರ್ತಾರೆ. ನೀವು ಈ ದೀಪಾವಳಿಗೆ ಬಂದದ್ದು ಅಂತ ಹೇಳು. ಇಷ್ಟು ವರ್ಷ ಕಾಗದಪತ್ರ ಇಲ್ಲದೆ ಹೊರಗಿನವರನ್ನು ಇಟ್ಟುಕೊಂಡದ್ದು ಗೊತ್ತಾದ್ರೆ ನನಗೆ ಕಷ್ಟ ಉಂಟು."

"ಅಷ್ಟ ಅಲ್ಲೇನ್ರಿ ಅಕ್ಕಾ? ನಿಮಗೆ ಕಷ್ಟ ಆಗೂ ಮಾತು ನನ್ನ ಬಾಯಾಗ ಬರೂದಿಲ್ಲ" ಅಂದೆ.

ಮರುದಿನ ಒಬ್ಬ ಅಧಿಕಾರಿ ಬಂದ. ಇಲ್ಲಿನ ಪದ್ಧತಿಯಂತೆ ಅಕ್ಕ ಅವನಿಗೆ ಬೆಲ್ಲ ನೀರು ಕೊಟ್ಟಳು. ಅವನು ನನ್ನ ಕಡೆ ತಿರುಗಿ, "ಅಮ್ಮ, ನೀವು ಇಲ್ಲಿ ಎಷ್ಟು ಸಮಯದಿಂದ ಇದ್ದೀರಿ? ಮನೆ ಯಾರು ಕಟ್ಟಿದ್ದು? ಹೆದರಬೇಡಿ, ಸರಿಯಾಗಿ ಹೇಳಿ" ಎಂದು ಎರಡು ಸಲ ಕೇಳಿದ. ಪಾಪ, ಒಳ್ಳೆಯ ಮನುಷ್ಯ. ನಾನು ತಲೆ ಎತ್ತಿ, "ಈ ದೀಪಾವಳಿಗೆ ಬಂದ್ವಿ ಸಾರ್. ಮನೆ ಅಕ್ಕಂದು" ಅಂದೆ. "ನನ್ನ ಮಗಳು ಕಟ್ಟಿಸಿದ್ದು, ಇವರು ನೋಡಿಕೊಳ್ಳಲಿಕ್ಕೆ ಇರುದು" ಅಂತ ಅಕ್ಕ ಸೇರಿಸಿದಳು. ಅದೂ ನಮ್ಮನ್ನು ಉಳಿಸುವ ಸುಳ್ಳೇ ಅಂದುಕೊಂಡು ನಾನು ಗೋಣು ಹಾಕಿದೆ. ಸಹಿಯನ್ನೂ ಹಾಕಿದೆ.

ಹೋದ ವರ್ಷ ಮನೆ ಇಲ್ಲದವರಿಗೆ ಸರಕಾರ ಕೊಡುವ ಸಹಾಯಧನಕ್ಕೆ ಅರ್ಜಿ ಹಾಕಲು ಪಂಚಾಯತಿಗೆ ಹೋದೆ. ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, ನನ್ನ ಮುಖ ನೋಡಿ, ಕುರ್ಚಿ ಎಳೆದು ಕೂರಿಸಿದಳು. ಆಗ ತಿಳಿಯಿತು. ಆ ಗುಡ್ಡೆ ಅಕ್ಕನದಲ್ಲ. ಅದು ಕುಮ್ಕಿ. ಪಟ್ಟಾ ಜಾಗಕ್ಕೆ ತಾಗಿದ ಸರಕಾರಿ ನೆಲಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಪಕ್ಕದ ತೋಟದವರು ಅಲ್ಲಿಂದ ಸೊಪ್ಪು, ಕಟ್ಟಿಗೆ ತರಬಹುದು, ಒಡೆತನ ಮಾತ್ರ ಅವರದಲ್ಲ. ಅಂಥ ನೆಲದಲ್ಲಿ ಮನೆ ಕಟ್ಟಿ ವರ್ಷಗಟ್ಟಲೆ ಬದುಕಿದ ಬಡವರಿಗೆ ಹಕ್ಕುಪತ್ರ ಕೊಡಲಿಕ್ಕೇ ಆ ಅಧಿಕಾರಿ ಬಂದದ್ದು. ಹಕ್ಕುಪತ್ರ ಇದ್ದರೆ ಸಹಾಯಧನವೂ ಸಿಗುತ್ತದೆ. ತೋಟವಿರುವ ಅಕ್ಕನಿಗೆ ಅವು ಸಿಗುವುದಿಲ್ಲ, ಅದಕ್ಕೇ ಎರಡೂ ಅವಳ ಮಗಳ ಹೆಸರಿಗೆ ಆಗಿದ್ದವು. "ನಿಮ್ಮದೇ ಹೇಳಿಕೆ ಉಂಟಲ್ಲ ಅಮ್ಮ" ಎಂದಳು ಹುಡುಗಿ.

ನೆಚ್ಚಿದ ಎಮ್ಮೆ ಕೋಣ ಈಯಿತು. ನೆಟ್ಟಗೆ ಅಕ್ಕನ ಮನೆಗೆ ಹೋಗಿ ಅಂಗಳದಲ್ಲಿ ನಿಂತು ಕೂಗಾಡಿದೆ. ಅವಳು ಸುಳ್ಳು ಹೇಳಲಿಲ್ಲ. "ನಾನು ಎಂತ ಮಾಡುದು ಶಾಂತಾ? ನಿಮ್ಮ ಹೆಸರಿಗೆ ಆದ್ರೆ ನೀವು ನಾಳೆ ಯಾರಿಗೋ ಕೊಟ್ಟು ಊರಿಗೆ ಹೋಗ್ತೀರಿ. ನಿಮಗೆ ಅಲ್ಲಿ ಊರು ಉಂಟು. ನನ್ನ ಮಗಳ ಹೆಸರಲ್ಲಿ ಇದೊಂದೇ ಅಲ್ಲವಾ?" ಅಂದಳು. ಆಮೇಲೆ, "ವಣಸ್ ಆಂಡಾ? ಊಟ ಮಾಡಿ ಹೋಗು" ಅಂದಳು. ಹಸಿದಿದ್ದೆ. ಕೂತು ಉಂಡೆ. ಆ ತುತ್ತುಗಳಿಗಾಗಿ ನನ್ನ ಮೇಲೆಯೇ ನನಗೆ ಇವತ್ತಿಗೂ ಸಿಟ್ಟು.

ಪಂಚಾಯತಿಯ ಹುಡುಗಿ ತಕರಾರು ಅರ್ಜಿ ಬರೆದುಕೊಟ್ಟಳು. ನಾವು ಹತ್ತು ವರ್ಷದಿಂದ ಇದ್ದೇವೆ ಅಂತ ನೆರೆಯ ಇಬ್ಬರ ಸಹಿ ಬೇಕಿತ್ತು. ಗುಡ್ಡೆ ಗುಡ್ಡೆ ಹತ್ತಿ ಇಳಿದೆ. ಎಲ್ಲರೂ ಕೂರಿಸಿ ಬೆಲ್ಲ ನೀರು ಕೊಟ್ಟರು, "ಛೇ, ಹೀಗಾಗಬಾರದಿತ್ತು" ಅಂದರು. ಸಹಿ ಒಬ್ಬರೂ ಹಾಕಲಿಲ್ಲ. ಅವರವರ ತೋಟದ ಪಕ್ಕವೂ ಕುಮ್ಕಿ ಇದೆ, ಅದರಲ್ಲಿ ಅವರವರ ಕೆಲಸದವರು ಇದ್ದಾರೆ. ಒಬ್ಬರಿಗೆ ಸಹಿ ಹಾಕಿದರೆ ನಾಳೆ ಎಲ್ಲರಿಗೂ ಹಾಕಬೇಕಲ್ಲ. ನಮ್ಮ ರೇಷನ್ ಕಾರ್ಡು ಇಲ್ಲಿದ್ದಿದ್ದರೆ ಅದೇ ಸಾಕ್ಷಿಯಾಗುತ್ತಿತ್ತು. ಊರಿನ ಕೊಂಡಿ ಕಳಚಬಾರದು ಅಂತ ಅದನ್ನು ಅತ್ತೆಯ ಹತ್ತಿರವೇ ಬಿಟ್ಟವಳು ನಾನು.

ಆ ಸಹಾಯಧನದಲ್ಲಿ ಮಗಳಿಗೆ ಹೊಸದು ಕಟ್ಟಲು ಅಕ್ಕನ ಕಡೆಯವರು ನಮ್ಮ ಮನೆ ಕೆಡವಿದರು. ಈಗ ಪುತ್ತೂರಿನ ಹತ್ತಿರ ಕಬಕದಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿದ್ದೇವೆ. ಇಲ್ಲಿ ಆಗದಿದ್ದರೆ ಬೇಡ, ನಮ್ಮೂರಿನ ಮನೆ ಇಲ್ಲದವರ ಪಟ್ಟಿಯಲ್ಲಿ ಹೆಸರಿದೆಯಲ್ಲ, ಅಲ್ಲಿಯೇ ಒಂದು ಮನೆ ಕಟ್ಟಿಕೊಳ್ಳೋಣ ಎಂದು ಮೊನ್ನೆ ಮೈದುನನಿಗೆ ಫೋನ್ ಮಾಡಿದೆ.

ಅವನು ಹೇಳಿದ: "ವೈನಿ, ನಿಮ್ಮ ಹೆಸರು ತಗದಾರ್ರಿ. ಸರ್ವೇಕ ಬಂದಾಗ ಕೇಳಿದ್ರು, ನಾನ ಹೇಳೀನಿ, ನಮ್ಮಣ್ಣ ಅಲ್ಲೇ ಚೆಂದಾಗಿ ಮನಿ ಕಟ್ಟ್ಯಾನ ಅಂತ. ಅವರು ನಂಬಲಿಲ್ಲ. ನೀವು ಕಳಿಸಿದ ಫೋಟೋ ತೋರಿಸಿದೆ."

ಯಾವ ಫೋಟೋ ಅಂತ ನಾನು ಕೇಳಲಿಲ್ಲ. ಹೊಸ ಸೀರೆ ಉಟ್ಟು, ಆ ಮನೆಯ ಬಾಗಿಲಲ್ಲಿ ನಿಂತು, ನಿಮಗೆಲ್ಲ ಹೊಟ್ಟೆ ಉರಿಯಲಿ ಅಂತ ನಾನೇ ತೆಗೆಸಿ ಕಳಿಸಿದ್ದು.